ಕೆನ್ನೆಯ ಒಳಗಿನ ಗಟ್ಟಿತನವೇ ಕ್ಯಾನ್ಸರ್ ಕಡೆ ತಳ್ಳುತ್ತದೆ ಅಂದರು. ಜೀವಕೋಶಕ್ಕೆ ಗಟ್ಟಿ-ಮೆದು ಗೊತ್ತಾಗುವುದು ಹೇಗೆ?

ಅಡಿಕೆಸುಲಿಗೆ_ಕೊಪ್ಪ ಕೇಳಿದ್ದು

ನಮಸ್ಕಾರ. ಕೊಪ್ಪದಿಂದ ಒಳಗೆ ಒಂಬತ್ತು ಕಿಲೋಮೀಟರ್ ನಮ್ಮ ಮನೆ. ಎರಡೂವರೆ ಎಕರೆ ಅಡಿಕೆ ತೋಟ, ನಡುವೆ ಒಂದಿಷ್ಟು ಕಾಫಿ, ಮೆಣಸು. ನನಗೀಗ 43. ಹದಿನಾಲ್ಕಕ್ಕೆ ಅಡಿಕೆ ಅಗಿಯಲು ಶುರು ಮಾಡಿದವನು. ಎಲೆ, ಸುಣ್ಣ ಎಲ್ಲ ಹಬ್ಬದ ದಿನ ಮಾತ್ರ. ತಂಬಾಕು ಒಂದು ದಿನವೂ ಮುಟ್ಟಿಲ್ಲ. ಸುಲಿಗೆ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತಾಗ ತೂಕಡಿಕೆ ಬರಬಾರದು ಅಂತ ಒಂದು ಹೋಳನ್ನು ಎಡಗೆನ್ನೆಗೆ ಒತ್ತಿಕೊಳ್ಳುತ್ತಿದ್ದೆ. ಬರುಬರುತ್ತಾ ಸುಲಿಗೆ ಇಲ್ಲದ ದಿನವೂ ಕೆನ್ನೆ ಅದನ್ನು ಕೇಳತೊಡಗಿತು.

ಮೂರು ವರ್ಷದ ಹಿಂದೆ ಮಿಡಿ ಉಪ್ಪಿನಕಾಯಿ ಬಾಯಿಗಿಟ್ಟರೆ ಉರಿ. ಆಮೇಲೆ ಸಾರೂ ಉರಿಯತೊಡಗಿತು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ‘ಹೀಟು’ ಅಂದರು. ಬಿ ಕಾಂಪ್ಲೆಕ್ಸ್ ಮಾತ್ರೆ, ಹುಣ್ಣಿಗೆ ಹಚ್ಚುವ ಜೆಲ್. ಎರಡು ವರ್ಷ ಅದನ್ನೇ ಬರೆದುಕೊಟ್ಟರು. ಒಂದೇ ಒಂದು ಸಲ ಬಾಯಿ ಪೂರ್ತಿ ತೆಗೆಸಿ ಟಾರ್ಚ್ ಹಾಕಿ ನೋಡಲಿಲ್ಲ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಕಳೆದ ಬೇಸಿಗೆಯಲ್ಲಿ ತಂಗಿಯ ಮನೆ ಒಕ್ಕಲು. ಹೋಳಿಗೆ ಮಡಿಸಿ ಬಾಯಿಗಿಡಲು ಹೋದರೆ ಒಳಗೆ ಹೋಗಲೇ ಇಲ್ಲ. ಚೂರು ಚೂರು ಮಾಡಿ ತಿಂದೆ. ಪಕ್ಕದ ಎಲೆಯಲ್ಲಿ ಕೂತ ಭಾವ ಅದನ್ನು ನೋಡಿ, ಮರುದಿನವೇ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಮೇಲಿನ ಮುಂದಲ್ಲಿನಿಂದ ಕೆಳಗಿನ ಮುಂದಲ್ಲಿನವರೆಗೆ ಸ್ಕೇಲ್ ಇಟ್ಟು ಅಳೆದರು. 23 ಮಿಲಿಮೀಟರ್. ಕೆನ್ನೆಯನ್ನು ಹೊರಕ್ಕೆ ಜಗ್ಗಿ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದರು. ಕೆಂಪಗಿರಬೇಕಾದ ಜಾಗ ಬಿಳಿಚಿಕೊಂಡು ಸುಣ್ಣ ಬಳಿದ ಗೋಡೆಯ ಹಾಗಿತ್ತು. ‘ನಿಮ್ಮ ಬೆರಳಲ್ಲೇ ಮುಟ್ಟಿ ನೋಡಿ’ ಅಂದರು. ಮುಟ್ಟಿದೆ. ಒಣಗಿದ ಅಡಿಕೆ ಹಾಳೆಯನ್ನು ಸೀಳುವಾಗ ಬೆರಳಿಗೆ ನಾರು ಸಿಗುತ್ತದಲ್ಲ, ಥೇಟ್ ಹಾಗೆ. ಮೇಲಿಂದ ಕೆಳಕ್ಕೆ ಮೂರು ಎಳೆ. ನನ್ನದೇ ಕೆನ್ನೆ ಅನ್ನಿಸಲಿಲ್ಲ.

ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಇಲ್ಲ, ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪದರದ ಕೆಳಗೆ ನಾರು ಬೆಳೆದು ಬಿಗಿಯುವ ಕಾಯಿಲೆ, ಅಂತ ಬಂತು. ಹೊರಡುವಾಗ ಡಾಕ್ಟರು ಒಂದು ಮಾತು ಹೇಳಿದರು: ‘ಈ ಗಟ್ಟಿತನ ಬರೀ ರೋಗದ ಗುರುತಲ್ಲ. ಮೇಲಿರುವ ಕೋಶಗಳನ್ನು ಕ್ಯಾನ್ಸರ್ ಕಡೆ ತಳ್ಳುವುದರಲ್ಲಿ ಅದರದ್ದೂ ಪಾಲಿದೆ.’ ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ನಾನು ಮತ್ತೆ ಕೇಳಲಿಲ್ಲ.

ಐದು ತಿಂಗಳಿಂದ ಆ ಮಾತು ತಲೆಯಲ್ಲೇ ಇದೆ. ವಿಷ ಒಳಗೆ ಹೋಗಿ ಕ್ಯಾನ್ಸರ್ ಬರುವುದು ಅರ್ಥವಾಗುತ್ತದೆ. ಗಟ್ಟಿತನದಿಂದ ಹೇಗೆ? ಒತ್ತಿ ನೋಡಲಿಕ್ಕೆ ಕೋಶಕ್ಕೇನು ಕೈ ಇದೆಯೇ? ಇನ್ನೊಂದು. ಅಡಿಕೆ ಬಿಟ್ಟು ಐದು ತಿಂಗಳಾಯಿತು, ಗಟ್ಟಿ ಮಾತ್ರ ಹಾಗೇ ಇದೆ. ಹಾಗಾದರೆ ಅಪಾಯವೂ ಹಾಗೇ ಇದೆಯೇ? ತಿಳಿದವರು ಬಿಡಿಸಿ ಹೇಳಿ. ನನಗೆ ಸಮಾಧಾನದ ಮಾತು ಬೇಡ, ನಿಜ ಬೇಕು.

ಹೇಮಾವತಿ_ದಂಡೆ ಉತ್ತರಿಸಿದ್ದು

ಕೈ ಇದೆ ಅಣ್ಣ. ಆದರೆ ಕೋಶ ಒತ್ತಿ ನೋಡುವುದಕ್ಕಿಂತ ಹೆಚ್ಚಾಗಿ ಎಳೆದು ನೋಡುತ್ತದೆ.

ನಾನು ಸಕಲೇಶಪುರದವಳು. ಒಂಬತ್ತು ವರ್ಷದಿಂದ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೋಶಗಳನ್ನು ಮೆದು ಮತ್ತು ಗಟ್ಟಿ ಜೆಲ್‌ಗಳ ಮೇಲೆ ಬೆಳೆಸುವುದೇ ನನ್ನ ಕೆಲಸ. ನಿಮ್ಮ ಪ್ರಶ್ನೆ ಓದಿ ರಾತ್ರಿಯೇ ಬರೆಯಲು ಕೂತೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವುದನ್ನು ನೀವು ನನಗಿಂತ ಹೆಚ್ಚು ನೋಡಿದ್ದೀರಿ. ಕೈ ಚಾಚಿ ಆಚೆ ಮರವನ್ನು ಹಿಡಿದು ತನ್ನ ಕಡೆಗೆ ಜಗ್ಗುತ್ತಾನೆ. ಎಷ್ಟು ಬಾಗಿತು, ಎಷ್ಟು ಎದುರೆಳೆಯಿತು ಅನ್ನುವುದು ಅವನ ತೋಳಿಗೆ ತಿಳಿಯುತ್ತದೆ. ಕೋಶ ಮಾಡುವುದೂ ಇದನ್ನೇ. ಅದರ ಹೊರಪೊರೆಯಲ್ಲಿ ಇಂಟೆಗ್ರಿನ್ ಎಂಬ ಪ್ರೋಟೀನುಗಳಿವೆ. ಹೊರತುದಿ ಸುತ್ತಲಿನ ಕೊಲಾಜೆನ್ ನಾರಿನಂಥವನ್ನು ಹಿಡಿದಿರುತ್ತದೆ. ಒಳತುದಿ ಟ್ಯಾಲಿನ್ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಆಕ್ಟಿನ್ ಹಗ್ಗಕ್ಕೆ ಕಟ್ಟಿಕೊಂಡಿರುತ್ತದೆ. ಆ ಹಗ್ಗವನ್ನು ಮಯೋಸಿನ್ ಬಿಡದೆ ಎಳೆಯುತ್ತಿರುತ್ತದೆ. ನಮ್ಮ ತೋಳಿನ ಸ್ನಾಯುವನ್ನು ಎಳೆಯುವ ಮಯೋಸಿನ್‌ಗೆ ಇದು ದಾಯಾದಿ. ಹೊರಗಿನ ನಾರು ಮೆದುವಾಗಿದ್ದರೆ ಎಳೆದಷ್ಟೂ ಜೊತೆಗೆ ಬರುತ್ತದೆ, ಎಳೆತ ಕಟ್ಟುವುದೇ ಇಲ್ಲ. ನಾರು ಗಟ್ಟಿಯಾಗಿದ್ದರೆ ಅದು ಅಲ್ಲಾಡುವುದಿಲ್ಲ, ನಡುವೆ ಸಿಕ್ಕಿದ ಟ್ಯಾಲಿನ್ ಮಡಿಸಿಟ್ಟ ಪಂಚೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಮಡಿಕೆಯೊಳಗೆ ಮುಚ್ಚಿದ್ದ ಜಾಗಗಳು ಹೊರಬೀಳುತ್ತವೆ, ಅಲ್ಲಿಗೆ ವಿನ್ಕುಲಿನ್ ಎಂಬ ಮತ್ತೊಂದು ಪ್ರೋಟೀನು ಬಂದು ಅಂಟಿ ಹಿಡಿತವನ್ನು ಬಿಗಿ ಮಾಡುತ್ತದೆ, ಕೋಶ ಇನ್ನೂ ಜೋರಾಗಿ ಎಳೆಯುತ್ತದೆ. ಎಳೆತ ಹೀಗೆ ರಾಸಾಯನಿಕ ಸುದ್ದಿಯಾಗಿ ಮಾರ್ಪಡುತ್ತದೆ.

ಇದಲ್ಲದೆ ಪೊರೆ ಬಿಗಿಯಾದಾಗ ತೆರೆದುಕೊಳ್ಳುವ ಬಾಗಿಲುಗಳೂ ಇವೆ. ಪೀಜೊ ಅಂತ ಹೆಸರು, ಒತ್ತುವುದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. 2010ರಲ್ಲಿ ಆರ್ಡೆಮ್ ಪಟಪೂಟಿಯನ್ ಮತ್ತು ಬರ್ಟ್ರಾಂಡ್ ಕೋಸ್ಟ್ ಅದನ್ನು ಹುಡುಕಿದ ಬಗೆ ನನಗೆ ಬಹಳ ಇಷ್ಟ. ಸಣ್ಣ ಗಾಜಿನ ಕೊಳವೆಯಿಂದ ಚುಚ್ಚಿದರೆ ವಿದ್ಯುತ್ ಹರಿಸುವ ಕೋಶಗಳನ್ನು ಆರಿಸಿ, ಅನುಮಾನವಿದ್ದ 72 ಜೀನ್‌ಗಳನ್ನು ಒಂದೊಂದಾಗಿ ಅಡಗಿಸುತ್ತಾ ಹೋದರು. ಕೋಶ ಸುಮ್ಮನಾದದ್ದು ಕಟ್ಟಕಡೆಯದನ್ನು ಅಡಗಿಸಿದಾಗ. 2021ರ ನೊಬೆಲ್‌ನಲ್ಲಿ ಪಟಪೂಟಿಯನ್ ಅವರಿಗೆ ಪಾಲು ಬಂದದ್ದು ಈ ಕೆಲಸಕ್ಕೆ.

ಈಗ ನನ್ನ ಮೇಜಿಗೆ ಬನ್ನಿ. ಅಕ್ರಿಲಮೈಡ್ ದ್ರವಕ್ಕೆ ಎಳೆಗಳನ್ನು ಒಂದಕ್ಕೊಂದು ಕಟ್ಟುವ ಇನ್ನೊಂದು ದ್ರವ ಸೇರಿಸುತ್ತೇನೆ. ಅದರ ಪ್ರಮಾಣ ಹೆಚ್ಚಾದರೆ ಜೆಲ್ ಗಟ್ಟಿ, ಕಡಿಮೆಯಾದರೆ ಮೆದು. ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ. ಎರಡರ ಮೇಲೂ ಒಂದೇ ಅಳತೆಯ ಕೊಲಾಜೆನ್ ಲೇಪಿಸಿ, ಒಂದೇ ಬಾಟಲಿಯ ಕೋಶಗಳನ್ನು ಬಿಟ್ಟು, ಒಂದೇ ಆಹಾರ ಹಾಕಿ, ಒಂದೇ ಪೆಟ್ಟಿಗೆಯಲ್ಲಿ ಇಡುತ್ತೇನೆ. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೆದು ಜೆಲ್‌ನಲ್ಲಿ ಕೋಶಗಳು ಕೆಸುವಿನೆಲೆ ಮೇಲಿನ ನೀರಹನಿಯಂತೆ ಗುಂಡಗೆ ಕೂತಿರುತ್ತವೆ. ಗಟ್ಟಿ ಜೆಲ್‌ನಲ್ಲಿ ಕಾವಲಿಗೆ ಎರೆದ ನೀರುದೋಸೆಯಂತೆ ಹರಡಿ, ಅಂಚಿನಲ್ಲಿ ಮುಳ್ಳು ಮುಳ್ಳಾಗಿ ನೆಲ ಕಚ್ಚಿರುತ್ತವೆ. ಯ್ಯಾಪ್ ಎಂಬ ಪ್ರೋಟೀನಿಗೆ ಹಸಿರು ಬಣ್ಣ ಹತ್ತಿಸಿ ನೋಡಿದರೆ ಇನ್ನೂ ಸ್ಪಷ್ಟ. ಮೆದು ಜೆಲ್‌ನಲ್ಲಿ ಹಸಿರು ಕೋಶಕೇಂದ್ರದ ಹೊರಗೇ ಮಸುಕಾಗಿ ಉಳಿದಿರುತ್ತದೆ. ಗಟ್ಟಿಯದರಲ್ಲಿ ಕೋಶಕೇಂದ್ರ ದೀಪ ಹಚ್ಚಿದಂತೆ ಹೊಳೆಯುತ್ತದೆ. ಯ್ಯಾಪ್ ಒಳಹೊಕ್ಕರೆ ‘ಬೆಳೆ, ಒಡೆದು ಎರಡಾಗು, ಸಾಯಬೇಡ’ ಎನ್ನುವ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಗಟ್ಟಿತನಕ್ಕೂ ಯ್ಯಾಪ್‌ಗೂ ಇರುವ ಈ ನಂಟನ್ನು 2011ರಲ್ಲಿ ಇಟಲಿಯ ಪಾದುವಾದಲ್ಲಿ ಸ್ಟೆಫಾನೊ ಪಿಕೊಲೊ ತಂಡ ತೋರಿಸಿತು. ನಾನು ಇದನ್ನು ನೂರಾರು ಸಲ ನೋಡಿದ್ದೇನೆ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಒಂದು ತೊಟ್ಟು ವಿಷ ಹಾಕಿಲ್ಲ, ನೆಲವನ್ನಷ್ಟೇ ಬದಲಿಸಿದ್ದು.

ಕ್ಯಾನ್ಸರ್‌ಗೆ ಇದನ್ನು ಗಟ್ಟಿಯಾಗಿ ಜೋಡಿಸಿದ್ದು ಸ್ತನದ ಅಧ್ಯಯನ. 2005ರಲ್ಲಿ ವ್ಯಾಲೆರಿ ವೀವರ್ ತಂಡ ಇಲಿಗಳಲ್ಲಿ ಅಳೆದಾಗ ಆರೋಗ್ಯವಂತ ಸ್ತನದ ಅಂಗಾಂಶ ಸುಮಾರು 170 ಪಾಸ್ಕಲ್ (ಗಟ್ಟಿತನದ ಅಳತೆ), ಗಡ್ಡೆ ಸುಮಾರು 4000 ಪಾಸ್ಕಲ್. ಇಪ್ಪತ್ತು ಪಟ್ಟಿಗೂ ಹೆಚ್ಚು. ಮೆದು ಜೆಲ್‌ನಲ್ಲಿ ಒಳಗೆ ಟೊಳ್ಳಿರುವ ಅಂದವಾದ ಗುಂಡುಗಳಾಗಿ ಕೂಡಿಕೊಳ್ಳುತ್ತಿದ್ದ ಕೋಶಗಳು ಗಟ್ಟಿ ಜೆಲ್‌ನಲ್ಲಿ ಆ ಶಿಸ್ತು ಕಳೆದುಕೊಂಡವು, ಟೊಳ್ಳು ತುಂಬಿಹೋಯಿತು. 2009ರಲ್ಲಿ ಅದೇ ತಂಡ ಕೊಲಾಜೆನ್ ನಾರುಗಳನ್ನು ಒಂದಕ್ಕೊಂದು ಹೊಲಿಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಇಲಿಗಳಲ್ಲಿ ತಡೆದು ನೋಡಿತು. ಹೊಲಿಗೆ ಕಡಿಮೆಯಾಯಿತು, ಅಂಗಾಂಶದ ಗಟ್ಟಿತನ ಇಳಿಯಿತು, ಗಡ್ಡೆಯ ಓಟವೂ ನಿಧಾನವಾಯಿತು. ಗಟ್ಟಿತನ ಬರೀ ಗುರುತಲ್ಲ, ಅದಕ್ಕೂ ಪಾಲಿದೆ ಎನ್ನುವ ನಿಮ್ಮ ಡಾಕ್ಟರ ಮಾತಿನ ಬೇರು ಇಲ್ಲಿದೆ.

ಲೈಸಿಲ್ ಆಕ್ಸಿಡೇಸ್ ಹೆಸರನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಕೆನ್ನೆಗೆ ಬರುವುದು ಅದರ ಮೂಲಕವೇ. ಅದು ಕೆಲಸ ಮಾಡಲು ತಾಮ್ರ ಬೇಕು. ಅಡಿಕೆಯಲ್ಲಿ ತಾಮ್ರದ ಅಂಶ ಹೆಚ್ಚು, ಅಗಿದಾಗ ಅದು ಜೊಲ್ಲಿಗೆ ಇಳಿಯುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ನಾರು ಹೆಣೆಯುವ ಕೋಶಗಳನ್ನು ಕೆರಳಿಸುತ್ತದೆ. ಚೊಗರಿನ ಟ್ಯಾನಿನ್ ಹೆಣೆದ ನಾರನ್ನು ಕರಗದಂತೆ ಕಾಪಾಡುತ್ತದೆ. ಚರ್ಮ ಹದ ಮಾಡುವವರು ತೊಗಟೆಯ ಟ್ಯಾನಿನ್‌ನಲ್ಲಿ ನೆನೆಹಾಕುವುದು ಇದೇ ಗುಣಕ್ಕಾಗಿ. ಅಡಿಕೆ ಬೇಯಿಸುವ ಹಂಡೆಯ ಚೊಗರು ಕೈಗೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲವಲ್ಲ, ನಿಮ್ಮ ಎಡಗೆನ್ನೆ ಇಪ್ಪತ್ತೆಂಟು ವರ್ಷ ಅದರಲ್ಲೇ ನೆನೆದಿದೆ. ಈ ಕಾಯಿಲೆಯವರ ಬಾಯಿಯ ಕೋಶಗಳಲ್ಲಿ ಲೈಸಿಲ್ ಆಕ್ಸಿಡೇಸ್‌ನ ಚಟುವಟಿಕೆ ಹೆಚ್ಚಿರುವುದು 1990ರ ದಶಕದಲ್ಲೇ ಕಂಡುಬಂದಿತ್ತು.

ಕ್ಯಾನ್ಸರ್ ಹುಟ್ಟುವುದು ನಾರಿನಲ್ಲಲ್ಲ, ನಾರಿನ ಮೇಲೆ ಕೂತಿರುವ ತೆಳು ಹೊದಿಕೆಯ ಕೋಶಗಳಲ್ಲಿ. ಅವುಗಳ ಜೀನ್‌ಗೆ ಪೆಟ್ಟು ಬೀಳುವುದು ಅಡಿಕೆಯ ರಾಸಾಯನಿಕಗಳಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ತಂಬಾಕಿಲ್ಲದ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು ಅದಕ್ಕೇ. ಪೆಟ್ಟು ತಿಂದ ಕೋಶ ಮೆದು ನೆಲದ ಮೇಲಿದ್ದರೆ ಸುತ್ತಲಿನ ಶಿಸ್ತಿಗೆ ಒಳಗಾಗಿ ತೆಪ್ಪಗಿರುವ ಸಾಧ್ಯತೆ ಹೆಚ್ಚು. ಗಟ್ಟಿ ನೆಲ ಅದನ್ನು ‘ಬೆಳೆ’ ಎಂದು ದೂಡುತ್ತಿರುತ್ತದೆ. ನಿಮ್ಮ ‘ಗಟ್ಟಿತನದಿಂದ ಹೇಗೆ’ ಎಂಬ ಪ್ರಶ್ನೆಗೆ ಇದೇ ನನ್ನ ಉತ್ತರ.

ಇನ್ನು ಅಪಾಯ. ನಿಜ ಬೇಕು ಅಂದಿರಿ. ಅಡಿಕೆ ಬಿಟ್ಟದ್ದರಿಂದ ಹೊಸ ಪೆಟ್ಟು ಬೀಳುವುದು ನಿಂತಿದೆ, ಅದು ದೊಡ್ಡದು. ಆದರೆ ಹೊಲಿದ ನಾರು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ಕಾಯಿಲೆಯ 66 ಜನರನ್ನು 17 ವರ್ಷ ಹಿಂಬಾಲಿಸಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಅವರಲ್ಲಿ ಐವರಿಗೆ ಬಾಯಿ ಕ್ಯಾನ್ಸರ್ ಬಂತು. ಉಳಿದ 61 ಜನರಿಗೆ ಆ ಅವಧಿಯಲ್ಲಿ ಬರಲಿಲ್ಲ. ಎರಡೂ ಸಂಖ್ಯೆಗಳನ್ನು ಜೊತೆಗಿಟ್ಟುಕೊಳ್ಳಿ. ಹೆದರಿ ಕೂರುವಷ್ಟಿಲ್ಲ, ತಪಾಸಣೆ ತಪ್ಪಿಸುವಷ್ಟು ಸಣ್ಣದೂ ಅಲ್ಲ. ಜೀವನಪೂರ್ತಿ ಬಾಯಿ ತೋರಿಸುತ್ತಲೇ ಇರಬೇಕು.

ಹಲ್ಲಿನ_ಡಾಕ್ಟರಮ್ಮ_ಹಾಸನ ಉತ್ತರಿಸಿದ್ದು

ಹೇಮಾವತಿಯವರು ಒಳಗಿನದನ್ನು ಹೇಳಿದ್ದಾರೆ, ನಾನು ಹೊರಗಿನದನ್ನು ಹೇಳುತ್ತೇನೆ.

ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಮುಂದಲ್ಲುಗಳ ನಡುವೆ ಇಡಿ. ಮೂರೂ ಸಲೀಸಾಗಿ ಹೋಗಬೇಕು. ಎರಡೇ ಹೋದರೆ ಯಾರಿಗಾದರೂ ತೋರಿಸಲೇಬೇಕು. ಅದಕ್ಕೂ ಮೊದಲು ಬರುವ ಗುರುತು ಖಾರಕ್ಕೆ ಉರಿ. ನಿಮ್ಮ ವಿಷಯದಲ್ಲಿ ಎರಡು ವರ್ಷ ಕೈತಪ್ಪಿದ್ದು ಅಲ್ಲೇ. ಓದುತ್ತಾ ನನಗೂ ನೋವಾಯಿತು, ಯಾಕೆಂದರೆ ಬಾಯಿ ತೆಗೆಸಿ ನೋಡಲು ಒಂದು ನಿಮಿಷ ಸಾಕು.

ವ್ಯಾಯಾಮ ಹೇಳಿಕೊಟ್ಟಿರಬೇಕು. ನಾನು ನನ್ನ ರೋಗಿಗಳಿಗೆ ಐಸ್‌ಕ್ರೀಮ್ ಕಡ್ಡಿ ಕೊಡುತ್ತೇನೆ. ಹಲ್ಲುಗಳ ನಡುವೆ ಹಿಡಿಸುವಷ್ಟು ಕಡ್ಡಿ ಒಂದರ ಮೇಲೊಂದು ಇಟ್ಟು, ನಡುವೆ ಇನ್ನೊಂದನ್ನು ಮೆಲ್ಲಗೆ ತೂರಿಸಿ ಹಿಡಿದುಕೊಳ್ಳುವುದು. ದಿನಕ್ಕೆ ನಾಲ್ಕೈದು ಸಲ. ಎಳೆತ ಗೊತ್ತಾಗಬೇಕು, ರಕ್ತ ಬರಬಾರದು. ಕಡ್ಡಿ ಎಷ್ಟು ಹಿಡಿಯಿತು ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಸ್ಟೀರಾಯ್ಡ್ ಮತ್ತು ಹಯಲ್ಯುರಾನಿಡೇಸ್ ಇಂಜೆಕ್ಷನ್ನು ಕೆಲವರಿಗೆ ಬಾಯಿ ತೆರೆಯಲು ನೆರವಾಗುತ್ತದೆ. ತೀರಾ ಮುಚ್ಚಿಹೋದರೆ ಶಸ್ತ್ರಚಿಕಿತ್ಸೆ. ನಿಮ್ಮದು ಅಷ್ಟಾಗಿಲ್ಲ.

ಎರಡು ವಾರ ಕಳೆದರೂ ಮಾಯದ ಹುಣ್ಣು, ಹೊಸದಾಗಿ ಬಂದ ಕೆಂಪು ಅಥವಾ ದಪ್ಪ ಬಿಳಿ ಮಚ್ಚೆ, ಬೆರಳಿಗೆ ಸಿಗುವ ಗಂಟು, ನಾಲಿಗೆ ಜೋಮು ಹಿಡಿಯುವುದು, ಕುತ್ತಿಗೆಯಲ್ಲಿ ಗೆಡ್ಡೆ. ಇವುಗಳಲ್ಲಿ ಒಂದು ಕಂಡರೂ ಮುಂದಿನ ತಾರೀಖಿಗೆ ಕಾಯಬೇಡಿ.

ಒಂದು ಮಾತು ಹೇಳದೆ ಇರಲಾರೆ. ಹೋದ ತಿಂಗಳು ಅರಸೀಕೆರೆ ಕಡೆಯ ಹದಿನೇಳರ ಹುಡುಗ ಬಂದಿದ್ದ. ಸ್ಕೂಲಿನ ಪಕ್ಕದ ಅಂಗಡಿಯ ಸಿಹಿ ಅಡಿಕೆಪುಡಿ ಪೊಟ್ಟಣ, ದಿನಕ್ಕೆ ಐದಾರು. ಕಿರುನಾಲಿಗೆ ಮುದುಡಿಹೋಗಿತ್ತು, ಬಾಯಿ 19 ಮಿಲಿಮೀಟರ್. ಅವನ ತಾಯಿ ‘ತಂಬಾಕಲ್ಲವಲ್ಲ ಅಂತ ಸುಮ್ಮನಿದ್ದೆವು ಮೇಡಂ’ ಅಂದರು. ಈ ಕಾಯಿಲೆಯನ್ನು ವೈದ್ಯಕೀಯ ಜಗತ್ತು 1952ರಲ್ಲಿ ಶ್ವಾರ್ಟ್ಸ್ ಬರೆದ ವರದಿಯಿಂದ ಬಲ್ಲದು. ಮರುವರ್ಷ ಮುಂಬೈಯ ಜೋಶಿ ನಮ್ಮ ದೇಶದ ರೋಗಿಗಳ ಬಗ್ಗೆ ಬರೆದರು. ಎಪ್ಪತ್ತು ವರ್ಷ ದಾಟಿದೆ. ಇನ್ನೂ ನಮ್ಮಲ್ಲಿ ತಂಬಾಕಲ್ಲ ಎನ್ನುವುದೇ ಧೈರ್ಯ.

ಗಿರಿತಪ್ಪಲು_ಕಾಫಿ ಕೇಳಿದ್ದು

ನಡುವೆ ಬಂದೆ, ಕ್ಷಮಿಸಿ. ನನ್ನದು ಮಲ್ಲಂದೂರು ಕಡೆ. ನನಗೆ ಲಿವರ್ ಫೈಬ್ರೋಸ್ಕ್ಯಾನ್ ಮಾಡಿ 14 ಕಿಲೋಪಾಸ್ಕಲ್ ಅಂತ ಬರೆದುಕೊಟ್ಟಿದ್ದಾರೆ. ಮೇಲೆ ಹೇಳಿದ ಪಾಸ್ಕಲ್ಲೂ ಇದೂ ಒಂದೆಯೇ? ಆರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಬರಲು ಹೇಳಿದ್ದಾರೆ. ಏನೂ ನೋವಿಲ್ಲದಾಗ ಯಾಕೆ ಅಂತ ಎರಡು ಸಲ ತಪ್ಪಿಸಿದೆ.

ಹೇಮಾವತಿ_ದಂಡೆ ಉತ್ತರಿಸಿದ್ದು

ಅಳತೆಯ ಹೆಸರು ಒಂದೇ. 14 ಕಿಲೋ ಅಂದರೆ 14,000 ಪಾಸ್ಕಲ್. ಆದರೆ ಬೇರೆ ಬೇರೆ ಅಂಗ, ಬೇರೆ ಬೇರೆ ಯಂತ್ರದ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬೇಡಿ. ಹಲಸಿನ ಹಣ್ಣನ್ನು ಬೆರಳಲ್ಲಿ ತಟ್ಟಿ ಬಲಿತಿದೆಯೋ ಇಲ್ಲವೋ ಹೇಳುತ್ತಾರಲ್ಲ, ಆ ಯಂತ್ರವೂ ಪಕ್ಕೆಗೆ ಮೆಲ್ಲಗೆ ತಟ್ಟಿ ಅಲೆ ಎಷ್ಟು ಬೇಗ ಓಡಿತು ಅಂತ ನೋಡುತ್ತದೆ. ಗಟ್ಟಿಯಾದಷ್ಟೂ ಅಲೆಯ ಓಟ ಹೆಚ್ಚು. ಆರೋಗ್ಯವಂತ ಲಿವರ್ ಸಾಮಾನ್ಯವಾಗಿ ಏಳರ ಒಳಗಿರುತ್ತದೆ. 14 ಅಂದರೆ ಸಿರೋಸಿಸ್ (ಲಿವರ್ ನಾರುಗಟ್ಟಿ ಗಂಟುಗಂಟಾಗುವ ಕಾಯಿಲೆ) ಎಂದು ಅನುಮಾನಿಸುವ ಮಟ್ಟ.

ದಯವಿಟ್ಟು ಮೂರನೇ ಸಲ ತಪ್ಪಿಸಬೇಡಿ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್‌ನ ಬಹುಪಾಲು ಸಿರೋಸಿಸ್ ಆದ ಲಿವರ್‌ನಲ್ಲೇ ಹುಟ್ಟುವುದು. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡುವುದು ಅದನ್ನು ಸಣ್ಣದಿರುವಾಗಲೇ ಹಿಡಿಯಲಿಕ್ಕೆ. ನೋವು ಬರುವ ಹೊತ್ತಿಗೆ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ.

ಅಡಿಕೆಸುಲಿಗೆ_ಕೊಪ್ಪ ಬರೆದದ್ದು

ಎರಡು ದಿನ ಇದನ್ನೇ ಓದಿದೆ. ಮಗಳಿಗೂ ಓದಲು ಕೊಟ್ಟೆ, ಪಿಯುಸಿ ಓದುತ್ತಿದ್ದಾಳೆ. ಕೊನೆಗಾರನ ಹೋಲಿಕೆ ಓದಿ ‘ಅಪ್ಪ, ಈಗ ಅರ್ಥವಾಯಿತು’ ಅಂದಳು. ನನಗೂ ಆಯಿತು. ಅರ್ಥವಾದಮೇಲೆ ಭಯ ಕಡಿಮೆಯಾಯಿತೋ ಹೆಚ್ಚಾಯಿತೋ ಹೇಳಲಾರೆ, ಆದರೆ ಕತ್ತಲಲ್ಲಿ ಕೂತ ಹಾಗಿಲ್ಲ.

ಎರಡು ಸಂಶಯ ಉಳಿದಿವೆ. ಆ ಹೊಲಿಗೆ ಬಿಚ್ಚುವ ಔಷಧಿ ಯಾಕಿಲ್ಲ? ಇಲಿಗೆ ಆಗಿದ್ದು ನಮಗೆ ಯಾಕಾಗಬಾರದು? ಇನ್ನೊಂದು, ಎಳೆತವೇ ಕೋಶವನ್ನು ಕೆಡಿಸುತ್ತದೆ ಅಂದರೆ, ದಿನಕ್ಕೆ ಐದು ಸಲ ಕಡ್ಡಿ ಇಟ್ಟು ಕೆನ್ನೆ ಎಳೆಯುವುದರಿಂದ ಅದು ಇನ್ನೂ ಬೇಗ ಕೆಡುವುದಿಲ್ಲವೇ? ಇದು ಹೊಳೆದ ಮೇಲೆ ನಿನ್ನೆ ವ್ಯಾಯಾಮ ಮಾಡಲಿಲ್ಲ.

ಹೇಮಾವತಿ_ದಂಡೆ ಉತ್ತರಿಸಿದ್ದು

ಮೊದಲು ಎರಡನೆಯದು. ಇವತ್ತೇ ಮತ್ತೆ ಶುರು ಮಾಡಿ.

ಎಳೆತಗಳೆಲ್ಲ ಒಂದೇ ಅಲ್ಲ. ಗಟ್ಟಿ ನೆಲ ಅಂದರೆ ಹಗಲು ರಾತ್ರಿ, ವರ್ಷಗಟ್ಟಲೆ, ಕೋಶ ತಾನೇ ಎಳೆದು ತಾನೇ ಬಿಗಿದುಕೊಂಡಿರುವ ಸ್ಥಿತಿ. ನೀವು ಮಾಡುವುದು ಹೊರಗಿನಿಂದ ಕೆಲವೇ ನಿಮಿಷ ಹಿಗ್ಗಿಸಿ ಬಿಡುವುದು. ಹೆಲೆನ್ ಲಾಂಜೆವಿನ್ ತಂಡ 2018ರಲ್ಲಿ ಸ್ತನದ ಗಡ್ಡೆ ಇರುವ ಇಲಿಗಳನ್ನು ದಿನಕ್ಕೆ ಹತ್ತು ನಿಮಿಷ ಮೆಲ್ಲಗೆ ಹಿಗ್ಗಿಸಿ ನೋಡಿತು. ನಾಲ್ಕು ವಾರದ ಕೊನೆಗೆ ಹಿಗ್ಗಿಸಿದ ಇಲಿಗಳ ಗಡ್ಡೆ ಹಿಗ್ಗಿಸದವುಗಳ ಅರ್ಧದಷ್ಟಿತ್ತು. ಅದು ಇಲಿ, ಅದು ಸ್ತನ. ನಿಮ್ಮ ವ್ಯಾಯಾಮ ಕ್ಯಾನ್ಸರ್ ತಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಹಿಗ್ಗಿಸಿದರೆ ಕೆಡುತ್ತದೆ ಎನ್ನುವ ಲೆಕ್ಕ ಅಷ್ಟು ನೇರವಲ್ಲ ಅಂತ ತೋರಿಸಲು ಹೇಳಿದೆ. ಬಾಯಿ ತೆರೆಯದಿದ್ದರೆ ಊಟ ಕಡಿಮೆಯಾಗುತ್ತದೆ, ಹಲ್ಲು ಉಜ್ಜಲಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಡಾಕ್ಟರಿಗೆ ಒಳಗೆ ಕಾಣುವುದಿಲ್ಲ. ತೆರೆದ ಬಾಯಿಯೇ ನಿಮ್ಮ ತಪಾಸಣೆಯ ಕಿಟಕಿ.

ಔಷಧಿಯ ಮಾತು ನನ್ನನ್ನೂ ಕಾಡುವಂಥದ್ದು. ನಾರನ್ನು ಕರಗಿಸಿದರೆ ಆಯಿತು ಅಂತ ನಮ್ಮ ಕ್ಷೇತ್ರದಲ್ಲೂ ಬಹಳ ಜನ ನಂಬಿದ್ದರು. ಮೇದೋಜೀರಕ ಗ್ರಂಥಿಯ ಗಡ್ಡೆ ನಾರಿನಿಂದಲೇ ತುಂಬಿರುತ್ತದೆ. ಲೈಸಿಲ್ ಆಕ್ಸಿಡೇಸ್ ಕುಟುಂಬದ ಒಂದು ಕಿಣ್ವವನ್ನು ತಡೆಯುವ ಸಿಮ್ಟುಜುಮಾಬ್ ಎಂಬ ಔಷಧವನ್ನು ಅಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು, ಲಾಭವಾಗಲಿಲ್ಲ. 2014ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ಆ ಗಡ್ಡೆಯ ನಾರು ಹೆಣೆಯುವ ಕೋಶಗಳನ್ನೇ ಕಡಿಮೆ ಮಾಡಿದವು. ಗಡ್ಡೆ ಇನ್ನೂ ಉಗ್ರವಾಯಿತು, ಇಲಿಗಳು ಬೇಗ ಸತ್ತವು. ನಾರು ಕೋಶವನ್ನು ದೂಡುತ್ತಲೂ ಇತ್ತು, ಬೇಲಿಯಾಗಿ ತಡೆಯುತ್ತಲೂ ಇತ್ತು. ಇನ್ನೊಂದು ವಿಚಿತ್ರ. ಗಡ್ಡೆ ಗಟ್ಟಿಯಾದರೂ ಅದರಿಂದ ತಪ್ಪಿಸಿಕೊಂಡು ಹರಡುವ ಕೋಶಗಳು ಆರೋಗ್ಯವಂತ ಕೋಶಗಳಿಗಿಂತ ಮೆದು. 2007ರಲ್ಲಿ ರೋಗಿಗಳ ಎದೆಯಲ್ಲಿ ತುಂಬಿಕೊಂಡ ನೀರಿನಿಂದ ತೆಗೆದ ಕೋಶಗಳನ್ನು ಸೂಜಿಮೊನೆಯಿಂದ ಒತ್ತಿ ಅಳೆದಾಗ ಹರಡಿದ ಕ್ಯಾನ್ಸರ್ ಕೋಶಗಳು ಶೇಕಡ 70ಕ್ಕೂ ಹೆಚ್ಚು ಮೆದುವಾಗಿದ್ದವು. ಸಂದಿಯಲ್ಲಿ ನುಸುಳಲು ಮೆದು ಮೈ ಬೇಕಲ್ಲ. ಹಾಗಾಗಿ ಎಲ್ಲಿ, ಯಾವಾಗ, ಎಷ್ಟು ಮೆದು ಮಾಡಬೇಕು ಅನ್ನುವುದೇ ಕೆಲಸ. ಮೇಜಿನ ಮೇಲೆ ನಾವು ಇನ್ನೂ ಅದನ್ನೇ ಮಾಡುತ್ತಿದ್ದೇವೆ.

ಅಲ್ಲಿಯವರೆಗೆ ಹೊಸ ಹೊಲಿಗೆ ಬೀಳದಂತೆ ನೋಡಿಕೊಳ್ಳುವುದು ಒಂದೇ, ಅದು ನಿಮ್ಮ ಕೈಯಲ್ಲಿದೆ.

ಅಡಿಕೆಸುಲಿಗೆ_ಕೊಪ್ಪ ಬರೆದದ್ದು

ಶುರು ಮಾಡಿದೆ. ಇವತ್ತು 25 ಮಿಲಿಮೀಟರ್, ಮಗಳೇ ಸ್ಕೇಲ್ ಹಿಡಿದು ಅಳೆದಳು.

ನಿನ್ನೆಯಿಂದ ನಮ್ಮಲ್ಲಿ ಸುಲಿಗೆ. ಈ ಬೆಳೆಯಲ್ಲೇ ಅವಳ ಓದು, ತಂಗಿಯ ಮದುವೆ, ಅಮ್ಮನ ಆಪರೇಷನ್ನು ಎಲ್ಲ ಆದದ್ದು. ಅದನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಸುಮ್ಮನಿರಲೂ ಆಗಲಿಲ್ಲ. ರಾತ್ರಿ ಚಾ ಕುಡಿಯುವ ಹೊತ್ತಿಗೆ ಕತ್ತಿ ಬದಿಗಿಡಿಸಿ, ಕೂತಿದ್ದ ಹನ್ನೊಂದು ಜನರಿಗೂ ಮೂರು ಬೆರಳು ಇಟ್ಟು ನೋಡಲು ಹೇಳಿದೆ. ಮೊದಲು ನಕ್ಕರು, ನನ್ನ ಬಾಯಿ ತೋರಿಸಿದ ಮೇಲೆ ನಗಲಿಲ್ಲ. ಒಂಬತ್ತು ಜನರಿಗೆ ಮೂರೂ ಹೋಯಿತು. ಇಬ್ಬರಿಗೆ ಎರಡೇ. ಒಬ್ಬಳು ಐವತ್ತು ದಾಟಿದವಳು. ಇನ್ನೊಬ್ಬ ಅವಳ ಅಕ್ಕನ ಮಗ, 22 ವರ್ಷ, ಖಾರ ಉರಿಯುತ್ತದೆ ಅಂತ ಒಂದು ವರ್ಷದಿಂದ ಮಜ್ಜಿಗೆ ಅನ್ನ ಮಾತ್ರ ಉಣ್ಣುತ್ತಿದ್ದಾನಂತೆ.

ಸೋಮವಾರ ಇಬ್ಬರನ್ನೂ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಡಾಕ್ಟರಮ್ಮ, ಅಲ್ಲಿ ಏನು ಕೇಳಬೇಕು? ನನಗಾದ ಹಾಗೆ ಮಾತ್ರೆ ಕೊಟ್ಟು ಕಳಿಸಬಾರದು.

ಹಲ್ಲಿನ_ಡಾಕ್ಟರಮ್ಮ_ಹಾಸನ ಉತ್ತರಿಸಿದ್ದು

ಬಾಯಿ ಎಷ್ಟು ತೆರೆಯುತ್ತದೆ ಅಂತ ಅಳೆಸಿ, ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡೂ ಕೆನ್ನೆ, ಅಂಗುಳ, ನಾಲಿಗೆಯ ಅಡಿ, ನಾಲಿಗೆಯ ಎರಡು ಅಂಚು, ಇಷ್ಟನ್ನೂ ಬೆಳಕು ಹಾಕಿ ನೋಡಲು ಹೇಳಿ. ಎಲ್ಲಾದರೂ ಮಚ್ಚೆಯೋ ಮಾಯದ ಹುಣ್ಣೋ ಇದ್ದರೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಬೇಕೇ ಅಂತ ನೀವೇ ಬಾಯಿಬಿಟ್ಟು ಕೇಳಿ. ರಕ್ತದಲ್ಲಿ ಹಿಮೋಗ್ಲೋಬಿನ್ ನೋಡಿಸಿ, ಮಜ್ಜಿಗೆ ಅನ್ನದಲ್ಲೇ ವರ್ಷ ಕಳೆದ ಹುಡುಗನಿಗೆ ರಕ್ತ ಕಡಿಮೆ ಇರಬಹುದು.

ಸೋಮವಾರದವರೆಗೆ ಅವನನ್ನು ಸುಲಿಗೆಯಿಂದ ಬಿಡಿಸಿ ತೋಟದ ಬೇರೆ ಕೆಲಸಕ್ಕೆ ಹಾಕಿ. ಹೋಳುಗಳ ಮುಂದೆ ಕೂತರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ.